ಇಳಕಲ್ ಸೀರೆಯ ಲೆಕ್ಕದಲ್ಲಿ ಒಂದು ಹಾಲ್: ಕಲ್ಲು, ಟೈಲ್ಸ್, ಮರ, ಬಟ್ಟೆ ಬೆರೆಸುವ ಬಗೆ

ಹಳೆಯ ಪದ್ಧತಿಯ ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡಕ್ಕೂ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ಬೇರೆ ಬೇರೆ. ಮೈಯ ಹಾಸೆಳೆಗಳನ್ನು ಸೆರಗಿನ ಹಾಸೆಳೆಗಳಿಗೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ ಮುಂದಕ್ಕೆ ಹೋಗುವುದು. ಬಣ್ಣ ಎಷ್ಟೇ ಚೆಂದವಿದ್ದರೂ ಕೊಂಡಿ ಸಡಿಲವಾದರೆ ಸೀರೆ ಬಾಳುವುದಿಲ್ಲ.

ಮನೆಯ ಒಳಾಂಗಣದಲ್ಲೂ ಹೀಗೇ. ಜನ ಕಲ್ಲು ಆರಿಸಲು ಮೂರು ಅಂಗಡಿ ಸುತ್ತುತ್ತಾರೆ, ಪರದೆ ಬಟ್ಟೆಗೆ ಎರಡು ಭಾನುವಾರ ಕೊಡುತ್ತಾರೆ. ಆದರೆ ಕಲ್ಲು ಟೈಲ್ಸನ್ನು ಎಲ್ಲಿ ಮುಟ್ಟುತ್ತದೆ, ಮರ ಗೋಡೆಯನ್ನು ಎಲ್ಲಿ ಮುಟ್ಟುತ್ತದೆ ಎಂಬುದನ್ನು ಕೆಲಸದ ದಿನ ಮೇಸ್ತ್ರಿಯ ತಲೆಗೆ ಬಿಟ್ಟುಬಿಡುತ್ತಾರೆ. ಕೆಡುವುದು ಬಹುಪಾಲು ಅಲ್ಲೇ. ಅದಕ್ಕೇ ಈ ಬರಹದಲ್ಲಿ ಬಣ್ಣಕ್ಕಿಂತ ಸಂದುಗಳ ಮಾತು ಹೆಚ್ಚು.

ಉದಾಹರಣೆಗೆ 12×15 ಅಡಿಯ ಹಾಲ್ ತೆಗೆದುಕೊಳ್ಳೋಣ. ನೆಲಕ್ಕೆ ಕೋಟಾ ಕಲ್ಲು, ನಡುವೆ ಜಮಖಾನ ಹಾಸಿದ ಹಾಗೆ ಕಾಣುವ ಆತಂಗುಡಿ ಟೈಲ್ಸ್. ಪಕ್ಕದ ಅಡುಗೆಮನೆಗೆ ವಿಟ್ರಿಫೈಡ್ ಟೈಲ್ಸ್, ಮಲಗುವ ಕೋಣೆಗೆ ಮರದ ಲ್ಯಾಮಿನೇಟ್ ನೆಲ. ಕಿಟಕಿಗೆ ಇಳಕಲ್ ಸೀರೆಯ ಪರದೆ, ಸೋಫಾ ಮೇಲೆ ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ದಿಂಬು.

ಮೊದಲು ಸೆರಗು ಯಾವುದೆಂದು ಗೊತ್ತು ಮಾಡಿ

ಸೀರೆಗೆ ಮೈ, ಅಂಚು, ಸೆರಗು ಇದ್ದಂತೆ ಹಾಲ್‌ಗೂ ಮೂರು ಭಾಗ. ಹೆಚ್ಚು ಜಾಗ ಹಿಡಿಯುವ, ಸದ್ದು ಮಾಡದ ನೆಲ, ಗೋಡೆ, ಸೋಫಾ ಸೇರಿ ಮೈ. ಎರಡು ವಸ್ತು ಕೂಡುವ ಸಣ್ಣ ಗೆರೆ ಅಂಚು. ಕಣ್ಣು ಮೊದಲು ಹೋಗಿ ಕೂರುವ ಒಂದು ಜಾಗ ಸೆರಗು. ಒಂದು ಸೀರೆಗೆ ಎರಡು ಸೆರಗು ಇರುವುದಿಲ್ಲ.

ಮುಂಬಾಗಿಲಲ್ಲಿ ನಿಂತು ಒಳಗೆ ನೋಡಿ. ಮೊದಲು ಕಾಣಬೇಕಾದದ್ದು ನೆಲದ ಆತಂಗುಡಿಯೋ, ಟಿವಿ ಗೋಡೆಯೋ, ಸೀಲಿಂಗೋ? ಒಂದನ್ನೇ ಆರಿಸಿ ಕಾಗದದ ಮೇಲೆ ಬರೆದಿಡಿ. ಆತಂಗುಡಿ ಎಂದು ಬರೆದರೆ ಟಿವಿ ಹಿಂದೆ ಕಲ್ಲಿನ ಕ್ಲ್ಯಾಡಿಂಗ್ ಬೇಡ, ಸೀಲಿಂಗ್‌ನಲ್ಲಿ ಮೂರು ಮಟ್ಟದ ಪಿಒಪಿ ಬೇಡ, ಆ ಟೈಲ್ಸ್ ಮೇಲೆ ಜಮಖಾನವೂ ಬೇಡ. ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಕಿಸಿದ ಟೈಲ್ಸನ್ನು ಜಮಖಾನದಡಿ ಮುಚ್ಚಿಡುವ ಮನೆಗಳು ಕಡಿಮೆ ಏನಿಲ್ಲ.

ಅಂಗಡಿಯಿಂದ ತಂದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಮೋಸ ಹೋಗುತ್ತೀರಿ. ನೆಲದ ತುಂಡು ನೆಲದ ಮೇಲೇ ಇರಲಿ, ಪರದೆಯ ಬಟ್ಟೆ ಕಿಟಕಿಯಲ್ಲಿ ನೇತಾಡಲಿ. ಅಳತೆಯೂ ಪ್ರಮಾಣದಲ್ಲಿರಬೇಕು: ಕೋಟಾ ಎರಡು ಅಡಿಯ ಇಡೀ ಚಪ್ಪಡಿ ಇಟ್ಟರೆ ಖಣ ಅಂಗೈಯಗಲ ಸಾಕು. ಆಮೇಲೆ ಮೊಬೈಲ್‌ನಲ್ಲಿ ಒಂದು ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ, ಬಣ್ಣ ಬೇರೆ ಬೇರೆ ಇದ್ದರೂ ಕೋಣೆ ಸಪ್ಪೆಯಾಗಿ ಕಾಣುತ್ತದೆ ಎಂದು ಅರ್ಥ. ಒಂದಾದರೂ ಕಡು, ಒಂದಾದರೂ ತಿಳಿ ಕಾಣಬೇಕು.

ನೆಲ: ಕೋಣೆಯ ನಡು ಬೇರೆ, ಖಾಲಿ ಜಾಗದ ನಡು ಬೇರೆ

ಆತಂಗುಡಿ ತಮಿಳುನಾಡಿನ ಚೆಟ್ಟಿನಾಡಿನಲ್ಲಿ, ಕಾರೈಕುಡಿ ಬಳಿಯ ಊರು. ಗಾಜಿನ ಹಲಗೆಯ ಮೇಲೆ ಅಚ್ಚಿಟ್ಟು, ಬಣ್ಣದ ಸಿಮೆಂಟ್ ಸುರಿದು, ಹಿಂದೆ ಮರಳು-ಸಿಮೆಂಟ್ ತುಂಬಿ ಕೈಯಲ್ಲೇ ಮಾಡುವ ಟೈಲ್ಸ್ ಇದು. ಒಲೆಗೆ ಹಾಕಿ ಸುಡುವುದಿಲ್ಲ, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ (ಕ್ಯೂರಿಂಗ್). ಮುಖದ ಹೊಳಪು ಬರುವುದು ಗಾಜಿನಿಂದ. ಕೈಕೆಲಸವಾದ್ದರಿಂದ ಒಂದಕ್ಕೂ ಇನ್ನೊಂದಕ್ಕೂ ದಪ್ಪದಲ್ಲಿ ಒಂದೆರಡು ಮಿಲಿಮೀಟರ್, ಬಣ್ಣದಲ್ಲಿ ಒಂದು ಛಾಯೆ ವ್ಯತ್ಯಾಸ ಇದ್ದೇ ಇರುತ್ತದೆ. ಹಾಕುವ ಮೊದಲು ಎಲ್ಲವನ್ನೂ ಒಣಗಿದ ನೆಲದ ಮೇಲೆ ಹರಡಿ, ಕಡುವಾದವನ್ನೂ ತಿಳಿಯಾದವನ್ನೂ ಬೆರೆಸಿಕೊಳ್ಳಿ. ಪೆಟ್ಟಿಗೆಯಿಂದ ಬಂದ ಸಾಲಿನಲ್ಲೇ ಹಾಕಿದರೆ ಒಂದು ಮೂಲೆ ಮಾತ್ರ ಮಬ್ಬಾಗಿ ಉಳಿಯುತ್ತದೆ.

ಲೆಕ್ಕ ಟೈಲ್ಸ್‌ನಿಂದ ಶುರುವಾಗಲಿ, ಅಡಿಯಿಂದ ಅಲ್ಲ. "ಆರು ಅಡಿಗೆ ಎಂಟು ಅಡಿ ಹಾಕಿ" ಎಂದರೆ 10 ಅಂಗುಲದ ಟೈಲ್ಸ್ ಏಳು ಪೂರ್ತಿ ಹಿಡಿಸಿ, ಎಂಟನೆಯದನ್ನು ಕತ್ತರಿಸಬೇಕಾಗುತ್ತದೆ. ಬಾರ್ಡರ್ ವಿನ್ಯಾಸ ಮೂಲೆಯಲ್ಲಿ ತುಂಡಾಗುವುದು ಹೀಗೇ. ಬದಲಿಗೆ ಅಡ್ಡ 8, ಉದ್ದ 10 ಟೈಲ್ಸ್ ಎಂದು ಹೇಳಿ. 80×100 ಅಂಗುಲ, ಅಂದರೆ ಸುಮಾರು 55 ಚದರಡಿ ಆಗುತ್ತದೆ. ಒಟ್ಟು 80 ಟೈಲ್ಸ್: ಒಳಗಿನ ಮೈಗೆ 48, ಸುತ್ತಲ ಬಾರ್ಡರ್‌ಗೆ 28, ಮೂಲೆಗೆ 4. ಮೂಲೆಯ ಟೈಲ್ಸ್‌ಗೆ ಅಚ್ಚೇ ಬೇರೆ, ಅದನ್ನು ಬೇರೆಯಾಗಿ ಹೇಳಿ ಮಾಡಿಸಬೇಕು. ಆರ್ಡರ್ ಕೊಡುವಾಗ ಮೈಗೆ 53, ಬಾರ್ಡರ್‌ಗೆ 31, ಮೂಲೆಗೆ 6 ಎಂದು ಬರೆಸಿ. ದಾರಿಯಲ್ಲಿ ಒಡೆಯುವುದು ಸಾಮಾನ್ಯವಾಗಿ ಮೂಲೆ ಮೊನೆಗಳೇ.

ಈಗ ಜಾಗ. ಮೇಸ್ತ್ರಿ ಕೋಣೆಯ ನಟ್ಟನಡುವೆ ದಾರ ಹಿಡಿಯುತ್ತಾರೆ. ಅದು ಅವರ ರೂಢಿ, ತಪ್ಪೂ ಅಲ್ಲ. 12 ಅಡಿ ಎಂದರೆ 144 ಅಂಗುಲ. ನಡುವೆ 80 ಅಂಗುಲ ಇಟ್ಟರೆ ಎರಡೂ ಕಡೆ 32 ಅಂಗುಲ ಉಳಿಯುತ್ತದೆ. ಆದರೆ ಸೋಫಾದ ಆಳ 36 ಅಂಗುಲ. ಬಾರ್ಡರ್‌ನ ಮೇಲೆ 4 ಅಂಗುಲ ಸೋಫಾ ಹತ್ತಿ ಕೂರುತ್ತದೆ, ಎದುರಿನ ಬಾರ್ಡರ್ ಮಾತ್ರ ಪೂರ್ತಿ ಕಾಣುತ್ತದೆ. ಇಡೀ ವಿನ್ಯಾಸ ಸೊಟ್ಟಗೆ ಹಾಕಿದಂತೆ ಅನಿಸುವುದು ಇದರಿಂದ.

ಸರಿಯಾದ ಲೆಕ್ಕ: 144 ರಲ್ಲಿ ಸೋಫಾಕ್ಕೆ 36, ಟಿವಿ ಘಟಕಕ್ಕೆ 16 ಕಳೆದರೆ ಖಾಲಿ ಜಾಗ 92 ಅಂಗುಲ. 80 ಕಳೆದರೆ 12 ಉಳಿಯುತ್ತದೆ, ಎರಡೂ ಕಡೆ 6 ಅಂಗುಲ. ಹಾಗಾಗಿ ಸೋಫಾ ಗೋಡೆಯಿಂದ 42 ಅಂಗುಲಕ್ಕೆ, ಟಿವಿ ಗೋಡೆಯಿಂದ 22 ಅಂಗುಲಕ್ಕೆ ದಾರ ಕಟ್ಟಿಸಿ. ಸೋಫಾ ಇನ್ನೂ ಕೊಂಡಿಲ್ಲವಾದರೆ ನೆಲದ ಮೇಲೆ ಸುಣ್ಣದ ಗೆರೆ ಹಾಕಿ, ಪತ್ರಿಕೆ ಹಾಸಿ, ಅದರ ಸುತ್ತ ಓಡಾಡಿ ನೋಡಿ.

ದಪ್ಪದ ಲೆಕ್ಕ

ನಾಲ್ಕು ನೆಲ ಒಂದೇ ಮಟ್ಟಕ್ಕೆ ಬರಬೇಕೆಂದರೆ ಕೆಳಗಿನ ಗಾರೆ ನಾಲ್ಕು ದಪ್ಪದಲ್ಲಿರಬೇಕು. ಸ್ಲ್ಯಾಬ್‌ನಿಂದ ಮುಗಿದ ನೆಲದವರೆಗೆ 65 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಕೋಟಾ 25 ಮಿಮೀ, ಅದರಡಿ ಗಾರೆ 40. ಆತಂಗುಡಿ 20 ಮಿಮೀ, ಗಾರೆ 45. ವಿಟ್ರಿಫೈಡ್ 9 ಮಿಮೀ, ಟೈಲ್ಸ್ ಅಂಟು 4, ಕೆಳಗಿನ ಹಾಸುಗಾರೆ 52. ಲ್ಯಾಮಿನೇಟ್ 8 ಮಿಮೀ, ಫೋಮ್ 2, ಹಾಸುಗಾರೆ 55. ಎಲ್ಲಕ್ಕೂ ಮೊತ್ತ 65. ನಿಮ್ಮ ಅಂಗಡಿಯ ಮಾಲಿನ ದಪ್ಪ ಅಳೆದು ಈ ಲೆಕ್ಕವನ್ನು ಮತ್ತೆ ಮಾಡಿ, ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಸಿ. ಮುಂಬಾಗಿಲ ಬಳಿ ಒಂದು ಮಟ್ಟದ ಗುರುತು ಹಾಕಿಸಿ, ನೀರು ತುಂಬಿದ ಲೆವೆಲ್ ಟ್ಯೂಬಿನಿಂದ ಅದನ್ನು ಎಲ್ಲ ಕೋಣೆಗೂ ಸಾಗಿಸಬೇಕು. ಒಂದೊಂದು ಕೋಣೆಯಲ್ಲೂ ಹೊಸದಾಗಿ ಗುರುತು ಹಾಕುತ್ತಾ ಹೋದರೆ ಕೊನೆಯ ಬಾಗಿಲಲ್ಲಿ 6 ಮಿಮೀ ಮೆಟ್ಟಿಲು ಹುಟ್ಟಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣದು, ಅಜ್ಜಿಯ ಕಾಲಿಗೆ ಸಿಗುತ್ತದೆ.

ಕೆಲಸದ ಸರದಿಯಲ್ಲೂ ಒಂದು ಗುಟ್ಟಿದೆ. ಕೋಟಾ ಹಾಕಿದ ಮೇಲೆ ಮೆಷಿನ್‌ನಿಂದ ಉಜ್ಜಿ ಪಾಲಿಶ್ ಮಾಡುತ್ತಾರೆ. ಕಲ್ಲು ಒಂದೆರಡು ಮಿಲಿಮೀಟರ್ ಸವೆಯುತ್ತದೆ, ನೆಲದ ತುಂಬ ಕಲ್ಲಿನ ರಾಡಿ ಹರಿಯುತ್ತದೆ, ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಹೊಳಪು ತೆಗೆಯುತ್ತಾರೆ. ಆತಂಗುಡಿಗೆ ಈ ಮೂರೂ ವಿಷ. ಅದಕ್ಕೆ ಮೆಷಿನ್ ಮುಟ್ಟಿಸಿದರೆ ಬಣ್ಣದ ಪದರವೇ ಎದ್ದುಹೋಗುತ್ತದೆ. ಆದ್ದರಿಂದ ಮೊದಲು ಕೋಟಾ ಹಾಕಿ, 80×100 ಅಂಗುಲದ ಗುಂಡಿ ಬಿಟ್ಟುಕೊಳ್ಳಿ. ಅದರಲ್ಲಿ ಮರಳು ತುಂಬಿ, ಮೇಲೆ ಬಡ ಗಾರೆ (ಸಿಮೆಂಟ್ ಕಡಿಮೆಯಿರುವ ಗಾರೆ) ಎಳೆದು ಕಲ್ಲಿನ ಮಟ್ಟಕ್ಕೆ ತಂದರೆ ಪಾಲಿಶ್ ಮೆಷಿನ್ ಅಂಚಿನಲ್ಲಿ ಕುಸಿಯುವುದಿಲ್ಲ. ಕೋಟಾದ ಪಾಲಿಶ್ ಪೂರ್ತಿ ಮುಗಿದು ತೊಳೆದಾದ ಮೇಲೆ ಗುಂಡಿ ತೆಗೆದು ಆತಂಗುಡಿ ಹಾಕಿ. ಸವೆದ ನಂತರದ ಮಟ್ಟ ಆಗಲೇ ಗೊತ್ತಾಗುವುದು.

ಗುಂಡಿಯ ಅಂಚಿಗೆ 3 ಮಿಮೀ ದಪ್ಪದ ಹಿತ್ತಾಳೆ ಪಟ್ಟಿ ಕೊಡಿ. ಸುತ್ತಳತೆ 360 ಅಂಗುಲ, ಅಂದರೆ 30 ಅಡಿ. ಮೂಲೆಗಳಲ್ಲಿ 45 ಡಿಗ್ರಿ ಕತ್ತರಿಸುವಾಗ ವ್ಯರ್ಥವಾಗುವುದೂ ಸೇರಿ 33 ಅಡಿ ತನ್ನಿ. ಅಲ್ಯೂಮಿನಿಯಂ ಅಗ್ಗ, ಆದರೆ ಹಸಿ ಸಿಮೆಂಟಿನ ಕ್ಷಾರ ಅದನ್ನು ತಿಂದು ಕಪ್ಪಾಗಿಸುತ್ತದೆ. ಈ ಪಟ್ಟಿಯೇ ನಮ್ಮ ಸೀರೆಯ ಅಂಚು. ಹಸಿರುಬೂದಿನ ಕೋಟಾ ಹೂಬಳ್ಳಿಯ ಟೈಲ್ಸನ್ನು ನೇರವಾಗಿ ಮುಟ್ಟಿದರೆ ಎರಡರ ಗೆರೆಯೂ ಕದಡಿದಂತೆ ಕಾಣುತ್ತದೆ. ನಡುವೆ ಮೂರು ಮಿಲಿಮೀಟರ್ ಹಳದಿ ಗೆರೆ ಬಂದ ಕೂಡಲೇ ಎರಡೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ.

ಆತಂಗುಡಿಯ ಹಿಂಬದಿ ಒದ್ದೆ ಮಾಡಿ, 1:4 ಗಾರೆಯ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಮೇಲೆ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು. ಸಂದು ಒಂದು ಮಿಲಿಮೀಟರಿಗಿಂತ ಹೆಚ್ಚು ಬೇಡ. ಸಂದಿಗೆ ಬಣ್ಣದ ಸಿಮೆಂಟ್ ಹಾಲು ತುಂಬಿದ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಊಟ ಮುಗಿಸಿ ಬಂದು ಒರೆಸೋಣ ಎಂದರೆ ಆ ಕಲೆ ಮುಂದೆ ಹೋಗುವುದಿಲ್ಲ. ಬಣ್ಣ ಬಳಿಯುವವರು, ಬಡಗಿಗಳು ಮನೆ ಬಿಟ್ಟು ಹೋಗುವವರೆಗೆ ಮೇಲೆ ದಪ್ಪ ರಟ್ಟು ಹಾಸಿ. ಪ್ಲಾಸ್ಟಿಕ್ ಹಾಸಿದರೆ ಕೆಳಗೆ ತೇವ ಕಟ್ಟಿ ಬಿಳಿ ಉಪ್ಪು ಏಳುತ್ತದೆ. ಆಮೇಲೆ ನೀರಿನಲ್ಲಿ ಒರೆಸುತ್ತಾ, ಆಗೊಮ್ಮೆ ಈಗೊಮ್ಮೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಸಾಕು. ಓಡಾಡಿದಷ್ಟೂ ಹೊಳಪು ಬರುತ್ತದೆ.

ಕೋಟಾದ ಬದಲು ರೆಡ್ ಆಕ್ಸೈಡ್ ನೆಲ ಮಾಡಿಸುವವರಿಗೆ ಎರಡೇ ಮಾತು. ಬಣ್ಣದ ಪುಡಿ ಸಿಮೆಂಟಿನ ತೂಕದ 10% ದಾಟಬಾರದು, 50 ಕೆಜಿ ಚೀಲಕ್ಕೆ ಹೆಚ್ಚೆಂದರೆ 5 ಕೆಜಿ. ಕೆಂಪು ಗಾಢವಾಗಲಿ ಎಂದು ಜಾಸ್ತಿ ಸುರಿದರೆ ಮೇಲ್ಪದರ ಪುಡಿಯಾಗಿ ಪಾದಕ್ಕೆ ಹತ್ತುತ್ತದೆ. ಎರಡನೆಯದು, ಸುಮಾರು ನಾಲ್ಕು ಅಡಿಗೊಂದು ಪಟ್ಟಿ ಕೊಟ್ಟು ನೆಲವನ್ನು ಚೌಕಗಳಾಗಿ ಒಡೆಯಿರಿ. ಪಟ್ಟಿ ಕೊಡದಿದ್ದರೆ ಬಿರುಕು ತಾನೇ ಜಾಗ ಹುಡುಕಿಕೊಳ್ಳುತ್ತದೆ.

ಬಾಗಿಲ ಗೆರೆ

ಎರಡು ಕೋಣೆಯ ನೆಲ ಬದಲಾಗಬೇಕಾದ್ದು ಬಾಗಿಲು ಮುಚ್ಚಿದಾಗ ಅದರ ಹಲಗೆಯ ಕೆಳಗೆ ಬರುವ ಗೆರೆಯಲ್ಲಿ. ಗೋಡೆಯ ಅಂಚಿಗೆ ನಿಲ್ಲಿಸಿದರೆ ಬಾಗಿಲು ಮುಚ್ಚಿದಾಗಲೂ ಹಾಲ್‌ನಿಂದ ಮಲಗುವ ಕೋಣೆಯ ಮರದ ನೆಲ ಎರಡಂಗುಲ ಇಣುಕುತ್ತದೆ. ಹಳೆಯ ಮನೆಗಳಲ್ಲಿ ಹೊಸ್ತಿಲು ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಈಗ ಒಳಕೋಣೆಗಳಿಗೆ ಹೊಸ್ತಿಲು ಇಡುವವರು ಕಡಿಮೆ, ಆದ್ದರಿಂದ ಗೆರೆಯನ್ನು ನಾವೇ ಗುರುತಿಸಿ ಕೊಡಬೇಕು.

ಲ್ಯಾಮಿನೇಟ್ ನೆಲಕ್ಕೆ ಗೋಡೆಯ ಸುತ್ತ ಮತ್ತು ಬಾಗಿಲಲ್ಲಿ 8 ರಿಂದ 10 ಮಿಮೀ ಖಾಲಿ ಬಿಡಬೇಕು. ಗೋಡೆಯ ಬದಿ ಸ್ಕರ್ಟಿಂಗ್ ಮುಚ್ಚುತ್ತದೆ, ಬಾಗಿಲ ಬದಿ ಟಿ ಆಕಾರದ ಪಟ್ಟಿ ಮುಚ್ಚುತ್ತದೆ. ಆ ಸಂದನ್ನು ಸಿಮೆಂಟಿನಿಂದ ತುಂಬಿದರೆ ಮಳೆಗಾಲದಲ್ಲಿ ಹಲಗೆ ಹಿಗ್ಗಲು ದಾರಿಯಿಲ್ಲದೆ ಕೋಣೆಯ ನಡುವೆ ಡೇರೆಯಂತೆ ಏಳುತ್ತದೆ. ಮಂಗಳೂರು, ಕಾರವಾರದ ಕಡೆ ಜೂನ್‌ನಲ್ಲಿ ಮರ ಹಿಗ್ಗಿದರೆ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದೇ ಮರ ಕುಗ್ಗಿ ಸಂದು ಬಾಯಿಬಿಡುತ್ತದೆ. ಎರಡಕ್ಕೂ ಜಾಗ ಬಿಟ್ಟಿರಬೇಕು.

ಆ್ಯಸಿಡ್ ಎಂಬ ಶತ್ರು

ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ತೊಳೆಯುವವರು ಬಂದು ಕ್ಯಾನ್‌ಗಟ್ಟಲೆ ಆ್ಯಸಿಡ್ ಸುರಿಯುತ್ತಾರೆ. ವಿಟ್ರಿಫೈಡ್ ಅದನ್ನು ತಡೆಯುತ್ತದೆ. ಕೋಟಾ, ಕಡಪ, ಶಹಾಬಾದ್ ಕಲ್ಲು ತಡೆಯುವುದಿಲ್ಲ, ಅವೆಲ್ಲ ಸುಣ್ಣದ ಕಲ್ಲುಗಳು. ಅಮೃತಶಿಲೆಯೂ ಅದೇ ಕುಲ. ಆತಂಗುಡಿ ಸಿಮೆಂಟ್, ಅದೂ ತಡೆಯದು. ಒಂದೇ ಮನೆಯಲ್ಲಿ ಈ ವಸ್ತುಗಳೆಲ್ಲ ಪಕ್ಕಪಕ್ಕ ಇದ್ದಾಗ ಅಡುಗೆಮನೆಯ ಆ್ಯಸಿಡ್ ನೀರು ಹಾಲ್‌ಗೆ ಹರಿದು ಒಂದು ಅಡಿ ಅಗಲದ ಮಂಕು ಪಟ್ಟಿ ಉಳಿಸಿ ಹೋಗುತ್ತದೆ. ಅದರ ಹೊಗೆಯೇ ಸಾಕು, ಹಿತ್ತಾಳೆ ಪಟ್ಟಿಯೂ ನಲ್ಲಿಗಳೂ ಕಪ್ಪಾಗುತ್ತವೆ.

ಯಾವ ಕಲ್ಲು ಎಂದು ಗೊತ್ತಿಲ್ಲದಿದ್ದರೆ ಮಿಕ್ಕ ತುಂಡಿನ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಬಿಟ್ಟು ಒರೆಸಿ. ಹೊಳಪು ಹೋಗಿ ವೃತ್ತ ಉಳಿದರೆ ಸುಣ್ಣದ ಜಾತಿ. ಅಡುಗೆಮನೆಯಲ್ಲಿ ಕಡಪ ಕಲ್ಲು ಶೆಲ್ಫಿಗೆ ಒಳ್ಳೆಯದು, ಕಟ್ಟೆಯ ಮೇಲಕ್ಕೆ ಬೇಡ ಎನ್ನುವುದು ಇದಕ್ಕೇ. ಹುಣಸೆಹುಳಿ ಕಿವುಚುವ ಜಾಗದಲ್ಲಿ ಗ್ರಾನೈಟ್ ಇರಲಿ. ಕಪ್ಪು ಗ್ರಾನೈಟ್ ಕಟ್ಟೆ, ಕೆಳಗೆ ಕಪ್ಪು ಕಡಪದ ಶೆಲ್ಫ್ ಎಂದರೆ ಬಣ್ಣವೂ ಕೂಡುತ್ತದೆ.

ಮರಕ್ಕೆ ಮರ

ತಾತನ ಕಾಲದ ಬೀಟೆ ಕುರ್ಚಿ, ಹೊಸ ತೇಗದ ಬಾಗಿಲು, ಪ್ಲೈವುಡ್ ಮೇಲೆ ಅಂಟಿಸಿದ ಲ್ಯಾಮಿನೇಟ್ ಕಪಾಟು: ಹೆಚ್ಚಿನ ಮನೆಗಳಲ್ಲಿ ಈ ಮೂರೂ ಒಟ್ಟಿಗಿರುತ್ತವೆ. ತೇಗಕ್ಕೆ "ಮ್ಯಾಚ್" ಆಗುವ ಲ್ಯಾಮಿನೇಟ್ ಹುಡುಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹತ್ತಿರ ಹತ್ತಿರ ಬಂದು ಒಂದಾಗದ ಬಣ್ಣ ನಕಲಿಯಂತೆ ಕಾಣುತ್ತದೆ. ಅಲ್ಲದೆ ತೇಗ, ಹಲಸು ಬೆಳಕಿಗೆ ಬಣ್ಣ ಬದಲಿಸುತ್ತವೆ. ಹಲಸಿನ ಹಳದಿ ವರ್ಷ ಕಳೆದಂತೆ ಕಂದಾಗುತ್ತದೆ. ಲ್ಯಾಮಿನೇಟ್ ಹಾಗೇ ಉಳಿಯುತ್ತದೆ. ಇವತ್ತು ಹೊಂದಿದ್ದು ಮೂರು ವರ್ಷಕ್ಕೆ ಹೊಂದುವುದಿಲ್ಲ. ಕಪಾಟಿಗೆ ಮರದ ನಾರಿಲ್ಲದ ಒಂದೇ ಬಣ್ಣ ಕೊಡಿ, ಬೆಣ್ಣೆಬಿಳಿಯೋ ಎಲೆಹಸಿರೋ. ಅದರ ಅಂಚಿಗೆ ಅಥವಾ ಹಿಡಿಗೆ ಮಾತ್ರ ತೇಗದ ಪಟ್ಟಿ ಬಂದರೆ ಬಾಗಿಲಿನ ಜೊತೆ ನೆಂಟಸ್ತಿಕೆ ಆಯಿತು.

ಹೊಸ ಗೋಡೆಗೆ ಮರ ಕೂರಿಸುವ ಮೊದಲು ಒಂದು ಪರೀಕ್ಷೆ: ಒಂದು ಚದರಡಿ ಪಾಲಿಥಿನ್ ಹಾಳೆಯನ್ನು ನಾಲ್ಕೂ ಕಡೆ ಟೇಪ್‌ನಿಂದ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಒಳಬದಿ ಹನಿ ಕಟ್ಟಿದರೆ ಗಾರೆ ಇನ್ನೂ ಹಸಿ. ಬಚ್ಚಲಮನೆಯ ಹಿಂಬದಿಯ ಗೋಡೆಗೆ ಹಲಗೆ ಹೊದಿಸುವ ಯೋಚನೆ ಇದ್ದರೆ ಅದನ್ನು ಬಿಡುವುದೇ ಲೇಸು. ಹಠ ಮಾಡುವವರು ಗೋಡೆಗೆ ರೀಪರ್ (ಸಣ್ಣ ಮರದ ಪಟ್ಟಿ) ಹೊಡೆದು, ಹಿಂದೆ ಗಾಳಿಗೆ ಸಂದು ಬಿಟ್ಟು, ನೆಲದಿಂದ ಕನಿಷ್ಠ 10 ಮಿಮೀ ಮೇಲೆತ್ತಿ ನಿಲ್ಲಿಸಿ. ನೆಲ ಒರೆಸುವ ನೀರು ಹಲಗೆಯ ತುದಿಗೆ ಸಿಕ್ಕರೆ ಅಲ್ಲಿಂದಲೇ ಊದಿಕೊಳ್ಳುವುದು.

ಬಟ್ಟೆಯ ವಿನ್ಯಾಸ: ಸ್ಕೇಲ್ ಹಿಡಿದು ನೋಡಿ

ವಿನ್ಯಾಸಗಳು ಜಗಳವಾಡುವುದು ಬಣ್ಣಕ್ಕಿಂತ ಅಳತೆಯಿಂದ. ಒಂದು ಬುಟ್ಟಾದ ನಡುವಿನಿಂದ ಮುಂದಿನ ಬುಟ್ಟಾದ ನಡುವಿಗೆ ಸ್ಕೇಲ್ ಇಟ್ಟು ಅಳೆಯಿರಿ. ನಾಲ್ಕು ಟೈಲ್ಸ್ ಕೂಡಿ ಒಂದು ಹೂವಾಗುವ ಆತಂಗುಡಿಯಲ್ಲಿ ಈ ಅಂತರ 20 ಅಂಗುಲ. ಅದರ ಜೊತೆಗೆ ಬರುವ ಎರಡನೆಯ ವಿನ್ಯಾಸ 5–6 ಅಂಗುಲದ್ದು, ಮೂರನೆಯದು ಒಂದು ಅಂಗುಲದ ಆಸುಪಾಸು. ಒಂದಕ್ಕಿಂತ ಇನ್ನೊಂದು ಕನಿಷ್ಠ ಮೂರು ಪಟ್ಟು ಚಿಕ್ಕದಿರಲಿ. 5 ಅಂಗುಲದ ಹೂವಿನ ದಿಂಬು, 6 ಅಂಗುಲದ ಹೂವಿನ ಪರದೆ ಎದುರುಬದುರು ಬಂದರೆ ಯಾವುದನ್ನು ನೋಡಬೇಕೆಂದು ಕಣ್ಣಿಗೆ ತಿಳಿಯುವುದಿಲ್ಲ.

ಗುಳೇದಗುಡ್ಡದ ಖಣದ ಬುಟ್ಟಾ ಸಣ್ಣದು. ಹತ್ತು ಅಡಿ ದೂರದಿಂದ ಅದು ವಿನ್ಯಾಸವಾಗಿ ಕಾಣದೆ ಒಂದು ಮಿನುಗುವ ಬಣ್ಣವಾಗಿಬಿಡುತ್ತದೆ, ಹತ್ತಿರ ಕೂತವರಿಗೆ ಮಾತ್ರ ನೇಯ್ಗೆ ತೆರೆದುಕೊಳ್ಳುತ್ತದೆ. ಆದ್ದರಿಂದ ಆತಂಗುಡಿಯಂಥ ಗಟ್ಟಿ ದನಿಯ ಪಕ್ಕದಲ್ಲೂ ಅದನ್ನು ಧೈರ್ಯವಾಗಿ ಇಡಬಹುದು. ಖಣದ ಅಗಲ ಕಡಿಮೆ, ಅಳೆದ ಮೇಲೆಯೇ ಎಷ್ಟು ಬೇಕೆಂದು ಹೇಳಿ. 16 ಅಂಗುಲದ ದಿಂಬಿಗೆ 17 ಅಂಗುಲದ ಚೌಕ ಕತ್ತರಿಸಿ, ಒಳಗೆ 18 ಅಂಗುಲದ ದಿಂಬು ತುರುಕಿ. ಆಗಲೇ ಮೂಲೆಗಳು ತುಂಬಿ ನಿಲ್ಲುವುದು. ಮುಂದಕ್ಕೆ ಮಾತ್ರ ಖಣ ಇರಲಿ, ಹಿಂದಕ್ಕೆ ಒರಟು ಹತ್ತಿ. ಬೆನ್ನಿಗೆ ಉಜ್ಜುವ ಬದಿಗೆ ಖಣ ಹಾಕಿದರೆ ಎಳೆ ಕಿತ್ತುಬರುತ್ತದೆ. ಮೂರು ಜನ ಕೂರುವ ಸೋಫಾಕ್ಕೆ ಐದು ದಿಂಬು ಎಂದರೆ ಎರಡು ಸಾದಾ, ಎರಡು ಖಣ, ಒಂದು ಗೆರೆ ಅಥವಾ ಚೌಕಳಿ. ಹೂವಿಗೂ ಜ್ಯಾಮಿತಿಗೂ ನಡುವೆ ರಾಜಿ ಮಾಡಿಸುವುದು ಗೆರೆಯೇ.

ಇನ್ನು ಇಳಕಲ್ ಪರದೆ. ಆರು ಗಜದ ಸೀರೆ 216 ಅಂಗುಲ. ಏಳು ಅಡಿ ಇಳಿಯುವ ಪರದೆಗೆ 84 ಅಂಗುಲ, ಮೇಲಿನ ಮಡಿಕೆಗೆ 4, ಕೆಳಗಿನ ಮಡಿಕೆಗೆ 5, ಹತ್ತಿ ಕುಗ್ಗುವುದಕ್ಕೆ 4, ಒಟ್ಟು 97. ಒಂದು ಸೀರೆಯಲ್ಲಿ ಎರಡು ಪರದೆ ಬಂದು 22 ಅಂಗುಲ ಉಳಿಯುತ್ತದೆ. ಅದು ಒಂದು ದಿಂಬಿಗೆ ಸಾಕು. ಪೇಚು ಇರುವುದು ಸೆರಗಿನಲ್ಲಿ. ಹಾಗೇ ಕತ್ತರಿಸಿದರೆ ಒಂದು ಪರದೆಯ ತುದಿಗೆ ಮಾತ್ರ ಕೆಂಪು ಸೆರಗು ಬರುತ್ತದೆ. ಸುಮಾರು ಒಂದು ಗಜ ಸೆರಗನ್ನು ಬೇರೆ ತೆಗೆದರೆ 180 ಅಂಗುಲ ಉಳಿದು ತಲಾ 90 ಅಂಗುಲದ ಎರಡು ಪರದೆಯಾಗುತ್ತವೆ. ಮಡಿಕೆ, ಕುಗ್ಗುವಿಕೆ ಕಳೆದರೆ ಆರೂವರೆ ಅಡಿಗೆ ತುಸು ಕಡಿಮೆ. ಬಾಗಿಲಿಗೆ ಸಾಲದು, ಕಿಟಕಿಗೆ ಧಾರಾಳ. ಬೇರೆ ತೆಗೆದ ತೋಪುತೆನಿ (ಇಳಕಲ್ ಸೀರೆಯ ಸಾಂಪ್ರದಾಯಿಕ ವಿನ್ಯಾಸದ) ಸೆರಗನ್ನು ದಿಂಬು ಮಾಡಿ ಹಾಳುಮಾಡುವ ಬದಲು ಗಾಜಿಲ್ಲದ ಚೌಕಟ್ಟಿಗೆ ಎಳೆದು ಊಟದ ಮೇಜಿನ ಬಳಿ ತೂಗುಹಾಕಿ.

ಸೀರೆಯ ಅಂಚು ಉದ್ದಕ್ಕೆ ಹರಿಯುವುದರಿಂದ ಪರದೆಯಲ್ಲಿ ಅದು ಎರಡೂ ಬದಿಗೆ ನಿಂತ ಗೆರೆಯಾಗಿ ಬರುತ್ತದೆ. ಎರಡು ಪರದೆ ಕೂಡುವ ಕಡೆ ಅಂಚಿಗೆ ಅಂಚು ಸೇರಿ ನಡುವೆ ದಪ್ಪ ಪಟ್ಟಿಯಾಗುತ್ತದೆ. ಒಂದು ಪರದೆಯ ಒಳಬದಿಯ ಅಂಚನ್ನು ಹಿಂದಕ್ಕೆ ಮಡಿಸಿ ಹೊಲಿಸಿದರೆ ನಡುವೆ ಒಂದೇ ಅಂಚು ಉಳಿದು ಚೊಕ್ಕಟವಾಗಿ ಕಾಣುತ್ತದೆ. ಟೈಲರ್ ಇದನ್ನು ತಾನಾಗಿ ಮಾಡುವುದಿಲ್ಲ, ಪಿನ್ ಹಾಕಿ ತೋರಿಸಬೇಕು. ಸೀರೆಯ ಅಗಲ ಸುಮಾರು 45 ಅಂಗುಲ, ಎರಡು ಸೇರಿ 90. ಪರದೆಯ ಸರಳು 5 ಅಡಿಯಿದ್ದರೆ ಒಂದೂವರೆ ಪಟ್ಟು ನೆರಿಗೆ ಸಿಗುತ್ತದೆ, ಹತ್ತಿಗೆ ಅಷ್ಟು ಸಾಲುತ್ತದೆ. ಕತ್ತರಿಸುವ ಮೊದಲು ಒಮ್ಮೆ ತಣ್ಣೀರಿನಲ್ಲಿ ನೆನೆಸಿ ಒಣಗಿಸಿ; ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ, ಕೆಂಪು ಬಿಡುವುದಿದ್ದರೆ ಆಗಲೇ ಬಿಡಲಿ. ಪಡುವಣ ಕಿಟಕಿಯಾದರೆ ಹಿಂದೆ ಅಸ್ತರು ಕೊಡಿ, ಬಿಸಿಲಿಗೆ ರೇಷ್ಮೆ ಎಳೆ ಪುಡಿಯಾಗುತ್ತದೆ.

ಬಣ್ಣಕ್ಕೆ ಒಂದೇ ಎಳೆ ಸಾಕು. ಆತಂಗುಡಿಯಲ್ಲಿ ಕೆಂಪು, ಹಸಿರು, ಹಳದಿ, ಕಪ್ಪು ಇದ್ದರೆ ಅದರಿಂದ ಒಂದನ್ನು, ಉದಾಹರಣೆಗೆ ಹಸಿರನ್ನು, ಪರದೆಗೂ ಒಂದು ದಿಂಬಿಗೂ ತನ್ನಿ. ನಾಲ್ಕನ್ನೂ ಎಲ್ಲ ಕಡೆ ತಂದರೆ ಮದುವೆಮನೆಯ ಚಪ್ಪರವಾಗುತ್ತದೆ.

ಗೋಡೆ, ಬೆಳಕು

ಗೋಡೆಗೆ ಹಸೆ ಚಿತ್ತಾರ ಬರೆಸುವ ಆಸೆಯಿದ್ದರೆ ಅದನ್ನೇ ಸೆರಗಾಗಿಸಿ ನೆಲವನ್ನು ಸಾದಾ ಇಡಿ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಈ ಕಲೆ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಯದು, ಕೂದಲೆಳೆಯ ಕೆಲಸ. ಪಕ್ಕದಲ್ಲಿ ಇನ್ನೊಂದು ಸಣ್ಣ ಜ್ಯಾಮಿತಿ ಬಂದರೆ ಎರಡೂ ಸಾಯುತ್ತವೆ. ಎರಡೂ ಬದಿ ಮೂರಡಿ ಖಾಲಿ ಗೋಡೆ ಬಿಡಿ.

ತುಂಡುಗಳನ್ನು ಹಗಲು ನೋಡಿ ಒಪ್ಪಿದ್ದರೆ ರಾತ್ರಿ ಇನ್ನೊಮ್ಮೆ ನೋಡಿ. ಬೆಳ್ಳನೆಯ 6500 ಕೆಲ್ವಿನ್ ಟ್ಯೂಬ್‌ಲೈಟಿನಡಿ ಕೋಟಾದ ಹಸಿರು ಇನ್ನಷ್ಟು ತಣ್ಣಗಾಗುತ್ತದೆ, ಕೆಂಪು ನೆಲ ಮಣ್ಣು ಮಣ್ಣಾಗುತ್ತದೆ, ಹಿತ್ತಾಳೆ ಸೀಸದಂತೆ ಕಾಣುತ್ತದೆ. ಹಾಲ್‌ಗೆ 3000 ಕೆಲ್ವಿನ್ ಬಲ್ಬ್, ಓದುವ ಕೋಣೆಗೆ ಮತ್ತು ಅಡುಗೆಮನೆಗೆ 4000. ಒಂದೇ ಕೋಣೆಯಲ್ಲಿ ಎರಡು ಬಗೆಯ ಬಿಳುಪು ಬೆರೆಸಬೇಡಿ.

ನೆಲ ಅಗೆಯಲಾಗದ ಮನೆ

ಬಾಡಿಗೆ ಮನೆ ಅಥವಾ ಈಗಾಗಲೇ ಎರಡಡಿಯ ಕೆನೆಬಣ್ಣದ ಹೊಳೆವ ಟೈಲ್ಸ್ ಇರುವ ಫ್ಲ್ಯಾಟ್ ಆದರೆ ಸೆರಗಿನ ಜಾಗಕ್ಕೆ ನವಲಗುಂದದ ಜಮಖಾನ ಬರಲಿ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಇದನ್ನು ಹೆಂಗಸರೇ ಮನೆಯ ಮಗ್ಗದಲ್ಲಿ ನೇಯುತ್ತಾರೆ. ಪಗಡೆ ಹಾಸಿನಂಥ ದೊಡ್ಡ ಜ್ಯಾಮಿತಿ, ನವಿಲುಗಳು. ಸೋಫಾದ ಮುಂಗಾಲುಗಳು ಅದರ ಮೇಲೆ ಆರಂಗುಲ ಬರುವಷ್ಟು ದೊಡ್ಡದು ತನ್ನಿ. ಟೀಪಾಯಿಯಡಿ ಮಾತ್ರ ಹಿಡಿಸುವ ಚಿಕ್ಕದು ಕಾಲೊರಸಿನ ಹಾಗೆ ಕಾಣುತ್ತದೆ. ಹೊಳೆವ ಟೈಲ್ಸ್ ಮೇಲೆ ಜಮಖಾನ ಜಾರುತ್ತದೆ, ಕೆಳಗೆ ರಬ್ಬರ್ ಜಾಲರಿ ಹಾಸು ಹಾಕಿ, ಜಮಖಾನಕ್ಕಿಂತ ಸುತ್ತಲೂ ಎರಡಂಗುಲ ಚಿಕ್ಕದಾಗಿ ಕತ್ತರಿಸಿ. ಒಗೆಯುವ ಬದಲು ಬಿಸಿಲಲ್ಲಿ ಕೊಡವಿ, ತಿಂಗಳಿಗೊಮ್ಮೆ ದಿಕ್ಕು ತಿರುಗಿಸಿ.

ಕೆಲಸ ಮುಗಿದ ದಿನ ಮಿಕ್ಕ ಮಾಲನ್ನು ಗುಜರಿಗೆ ಹಾಕಬೇಡಿ. ಆತಂಗುಡಿಯ ಐದಾರು, ಮೂಲೆಯದು ಎರಡು, ಕೋಟಾ ಎರಡು ಚಪ್ಪಡಿ, ವಿಟ್ರಿಫೈಡ್ ಒಂದು ಪೆಟ್ಟಿಗೆ, ಲ್ಯಾಮಿನೇಟ್ ಮೂರು ಹಲಗೆ, ಸಂದಿಗೆ ಬಳಸಿದ ಬಣ್ಣದ ಪುಡಿ ಒಂದು ಹಿಡಿ ಗಾಳಿಯಾಡದ ಡಬ್ಬಿಯಲ್ಲಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಹರಿದು ಇಟ್ಟುಕೊಳ್ಳಿ. ಆತಂಗುಡಿಯನ್ನು ಮಲಗಿಸಿ ಒಟ್ಟದೆ ಅಂಚಿನ ಮೇಲೆ ನಿಲ್ಲಿಸಿ, ಎರಡರ ನಡುವೆ ಪತ್ರಿಕೆಯ ಹಾಳೆ ಹಾಕಿ ಅಟ್ಟದ ಮೇಲೆ ಇಡಿ.